ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು: ಬ್ಯಾಟರಿಯೋ, ಸೆಲ್ಫ್ ಮೋಟಾರೋ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನದು 11 ವರ್ಷದ ಪೆಟ್ರೋಲ್ ಕಾರು. ಮ್ಯಾನುವಲ್ ಗೇರ್. ಓಡಿರುವುದು 1,18,000 ಕಿಮೀ. ತಿಂಗಳಿಗೆ ಒಂದು ಸಲ ಅಮ್ಮನನ್ನು ಚೆಕಪ್‌ಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತೇನೆ. ಹೋದ ಗುರುವಾರ ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದೆವು. ಮುಂದೆ ಒಂದು ಮಿನಿ ಬಸ್ಸು ಇತ್ತು. ಹಾಗಾಗಿ 14 ತಿರುವನ್ನೂ ಒಂದನೇ, ಎರಡನೇ ಗೇರಿನಲ್ಲೇ ಹತ್ತಬೇಕಾಯಿತು. ಮೇಲೆ ಬಂದು ಆಗುಂಬೆಯಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು. ಇಂಜಿನ್ ಅಲ್ಲಾಡಲೇ ಇಲ್ಲ.

ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿತ್ತು. ಹಾರ್ನ್ ಜೋರಾಗೇ ಇತ್ತು. ಏಳೆಂಟು ಸಲ ತಿರುಗಿಸಿದೆ, ಪ್ರತಿ ಸಲವೂ ಅದೇ ಟಕ್. ಹೊರಗೆ ಮಳೆ, ಒಳಗೆ ಸುಸ್ತಾದ ಅಮ್ಮ. ಏನೂ ತೋಚಲಿಲ್ಲ. 40 ನಿಮಿಷ ಕಾದೆವು. ಆಮೇಲೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮನೆಯಲ್ಲಿ ಬೆಳಿಗ್ಗೆ ಹೊತ್ತು ಯಾವ ತೊಂದರೆಯೂ ಇಲ್ಲ.

ಬೇಸರದ ಸಂಗತಿ ಅಂದರೆ, ಇದಕ್ಕೂ ಎರಡು ವಾರ ಮುಂಚೆ ಹೀಗೇ ಒಮ್ಮೆ ಆಗಿತ್ತು. ಆಗ ಒಂದು ಗ್ಯಾರೇಜಿನಲ್ಲಿ ‘ಬ್ಯಾಟರಿ ಹೋಗಿದೆ’ ಅಂದರು, ಹೊಸದು ಹಾಕಿಸಿದೆ. ಹಳೇ ಬ್ಯಾಟರಿಯನ್ನು ಟೆಸ್ಟ್ ಕೂಡ ಮಾಡಿರಲಿಲ್ಲ. ಈಗ ಅಲ್ಲೇ ಕೇಳಿದರೆ ‘ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಹೋಗಿದೆ, ಪೂರ್ತಿ ಹೊಸದೇ ಹಾಕಬೇಕು’ ಅನ್ನುತ್ತಾರೆ. ಈ ಸಲ ದುಡ್ಡು ಕೊಡುವ ಮುಂಚೆ ನಾನೇ ಅರ್ಥ ಮಾಡಿಕೊಳ್ಳಬೇಕು. ಸೆಲ್ಫ್ ಮೋಟಾರ್ ಹಾಳಾಗುತ್ತಿದೆ ಅಂತ ಗುರುತಿಸುವುದು ಹೇಗೆ?

ಗಂಗೊಳ್ಳಿ ದಾರಿ (ಕುಂದಾಪುರ)

ಮೊದಲು ಬ್ಯಾಟರಿ ಟರ್ಮಿನಲ್ ಮತ್ತು ಅರ್ತ್ ವೈರ್ (ಬ್ಯಾಟರಿ ಮೈನಸ್ಸನ್ನು ಬಾಡಿಗೆ, ಇಂಜಿನ್ನಿಗೆ ಸೇರಿಸುವುದು) ನೋಡಿ ಸರ್. ನಮ್ಮ ಕಡಲ ತೀರದಲ್ಲಿ ಅರ್ಧ ಗಾಡಿಗಳ ಕಾಯಿಲೆ ಅಲ್ಲೇ ಇರುತ್ತದೆ. ನನ್ನ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದು ನಾಲ್ಕೇ ಎಳೆ ಉಳಿದಿತ್ತು. ಲೈಟು, ಹಾರ್ನ್, ರೇಡಿಯೋ ಎಲ್ಲ ಸರಿ. ಕೀ ತಿರುಗಿಸಿದರೆ ಮಾತ್ರ ಟಕ್. ಪಟ್ಟಿ ಬದಲಾಯಿಸಿ, ಬಾಡಿಯ ಪೇಂಟ್ ಕೆರೆದು ಬೋಲ್ಟ್ ಬಿಗಿ ಮಾಡಿದ ಮೇಲೆ ಮೂರು ವರ್ಷದಿಂದ ತೊಂದರೆ ಇಲ್ಲ.

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ತುಂಗಾತೀರ ಅವರೇ, ನಾನು 22 ವರ್ಷದಿಂದ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಒಂದೇ ಟಕ್, ಲೈಟ್ ಪೂರ್ತಿ, ಬಿಸಿಯಲ್ಲಿ ಮಾತ್ರ. ಈ ಮೂರನ್ನು ಬರೆದಿಟ್ಟುಕೊಳ್ಳಿ.

ಸೆಲ್ಫ್ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಸದ್ದು ತಾನಾಗೇ ಅರ್ಥವಾಗುತ್ತದೆ. ಸೆಲ್ಫ್ ಅಂದರೆ ಎರಡು ಸಾಮಾನು ಸೇರಿದ್ದು. ದೊಡ್ಡ ಉರುಳೆ ಮೋಟಾರ್. ಅದರ ಬೆನ್ನ ಮೇಲಿರುವ ಚಿಕ್ಕ ಉರುಳೆ ಸೊಲೆನಾಯ್ಡ್. ಕೀ ತಿರುಗಿಸಿದಾಗ ತೆಳು ವೈರಿನಲ್ಲಿ ಸೊಲೆನಾಯ್ಡಿಗೆ ಕರೆಂಟ್ ಬರುತ್ತದೆ. ಅದರೊಳಗಿನ ಕಬ್ಬಿಣದ ದಂಡ ಹಿಂದಕ್ಕೆ ಎಳೆಯಲ್ಪಟ್ಟು ಒಟ್ಟಿಗೆ ಎರಡು ಕೆಲಸ ಮಾಡುತ್ತದೆ. ಒಂದು, ಕವಲು ಲಿವರ್ ಮೂಲಕ ಮುಂದಿನ ಚಿಕ್ಕ ಹಲ್ಲಿನ ಚಕ್ರವನ್ನು ತಳ್ಳಿ ಫ್ಲೈವೀಲಿನ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಅಂಚಿನ ಹಲ್ಲಿಗೆ, ಅಂದರೆ ರಿಂಗ್ ಗೇರಿಗೆ ಕೂಡಿಸುತ್ತದೆ. ನಾವು ಬೆಂಡಿಕ್ಸ್ ಅನ್ನುವುದು ಇದನ್ನೇ. ಇನ್ನೊಂದು, ಹಿಂದುಗಡೆ ಒಂದು ತಾಮ್ರದ ಬಿಲ್ಲೆಯನ್ನು ಎರಡು ದಪ್ಪ ಬೋಲ್ಟುಗಳಿಗೆ ಒತ್ತುತ್ತದೆ. ಆಗ ಬ್ಯಾಟರಿಯ ದಪ್ಪ ಕೇಬಲಿನ ಕರೆಂಟ್ ನೇರವಾಗಿ ಮೋಟಾರಿಗೆ ನುಗ್ಗುತ್ತದೆ. ನೀವು ಕೇಳುವ ಟಕ್ ಆ ದಂಡ ಹೋಗಿ ಬಡಿದ ಸದ್ದು.

ಟಕ್ ಅಂತು ಅಂದರೆ ಕೀ ಸ್ವಿಚ್, ರಿಲೇ, ತೆಳು ವೈರ್ ಬಹುಮಟ್ಟಿಗೆ ಸರಿ ಇವೆ. ಸಿಗ್ನಲ್ ಸೆಲ್ಫ್‌ವರೆಗೆ ಬಂದಿದೆ. ಮೋಟಾರ್ ತಿರುಗುತ್ತಿಲ್ಲ. ಒಂದೋ ತಾಮ್ರದ ಬಿಲ್ಲೆ ಸುಟ್ಟು ಕರೆಂಟ್ ದಾಟಿಸುತ್ತಿಲ್ಲ, ಇಲ್ಲವೇ ಮೋಟಾರಿನ ಕಾರ್ಬನ್ ಬ್ರಷ್ ಸವೆದು ಆರ್ಮೇಚರಿಗೆ (ಮೋಟಾರಿನೊಳಗೆ ತಿರುಗುವ ಭಾಗ) ಸರಿಯಾಗಿ ತಾಗುತ್ತಿಲ್ಲ. ಕುಂದಾಪುರದವರು ಹೇಳಿದ ಅರ್ತ್ ಕೂಡ ಆಗಿರಬಹುದು.

‘ಟಕಟಕಟಕಟಕ’ ಅಂತ ಮಿಷನ್ ಗನ್ ಹಾಗೆ ಬಡಿದರೆ ಅದು ಬೇರೆ ಕಥೆ. ಅದು ಹತ್ತಕ್ಕೆ ಒಂಬತ್ತು ಸಲ ಬ್ಯಾಟರಿ ಅಥವಾ ಟರ್ಮಿನಲ್. ದಂಡ ಒಳಗೆ ಹೋಗುತ್ತದೆ, ಮೋಟಾರ್ ಒಮ್ಮೆಲೇ ಕರೆಂಟ್ ಹೀರುತ್ತದೆ, ದುರ್ಬಲ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ದಂಡ ಹಿಡಿದಿಡುವಷ್ಟು ಶಕ್ತಿ ಕಾಯಿಲಿಗೆ ಉಳಿಯುವುದಿಲ್ಲ, ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೇ. ಹಾಗಾಗಿ ಒಂದು ಟಕ್ ಬೇರೆ, ಹತ್ತು ಟಕ್ ಬೇರೆ. ನಿಮ್ಮ ಮೊದಲ ಗ್ಯಾರೇಜಿನವರು ಇದನ್ನೊಂದು ಕಿವಿಗೊಟ್ಟು ಕೇಳಿದ್ದರೆ ಬ್ಯಾಟರಿ ದುಡ್ಡು ಉಳಿಯುತ್ತಿತ್ತು ಅಂತ ನನ್ನ ಅನಿಸಿಕೆ.

ಈಗ ಒಂದು ಪರೀಕ್ಷೆ ಹೇಳುತ್ತೇನೆ, ಯಾವ ಮೀಟರೂ ಬೇಡ. ಸಂಜೆ ಹೊತ್ತು ಒಳಗಿನ ಮೇಲ್ಛಾವಣಿ ಲೈಟ್ ಹಾಕಿಟ್ಟು ಕೀ ತಿರುಗಿಸಿ. ಹೆಡ್‌ಲೈಟ್ ಬೇಡ, ಕೆಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಅದು ತಾನಾಗೇ ಆರುತ್ತದೆ, ಮೋಸ ಹೋಗುತ್ತೀರಿ. ತೊಂದರೆ ಕೊಡುವ ಹೊತ್ತಿನಲ್ಲೇ ನೋಡಬೇಕು. ಲೈಟ್ ಸತ್ತೇ ಹೋದರೆ ಬ್ಯಾಟರಿ, ಟರ್ಮಿನಲ್ ಕಡೆ ಹೋಗಿ. ಟಕ್ ಅಂದರೂ ಲೈಟ್ ಕೊಂಚವೂ ಮಂಕಾಗದಿದ್ದರೆ ಮೋಟಾರ್ ಕರೆಂಟನ್ನೇ ತೆಗೆದುಕೊಳ್ಳುತ್ತಿಲ್ಲ ಅಂತ ಅರ್ಥ. ನೋಡಿ ತಿಳಿಸಿ.

ತುಂಗಾತೀರ (ತೀರ್ಥಹಳ್ಳಿ)

ಅಣ್ಣ, ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇವತ್ತು ಸಂಜೆ ಬೇಕಂತಲೇ ಕುಪ್ಪಳಿವರೆಗೆ ಹೋಗಿ ಬಂದೆ. ಮನೆ ಮುಂದೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ತಿರುಗಿಸಿದೆ. ಮೊದಲ ಸಲ ಸ್ಟಾರ್ಟ್ ಆಯಿತು. ಮತ್ತೆ ಆಫ್ ಮಾಡಿ ತಿರುಗಿಸಿದರೆ ಟಕ್. ಒಳಗಿನ ಲೈಟ್ ಸ್ವಲ್ಪವೂ ಮಂಕಾಗಲಿಲ್ಲ. ಟರ್ಮಿನಲ್ ಎರಡೂ ಹೊಸದಾಗಿ ಬಿಗಿದಿದ್ದಾರೆ, ಬಿಳಿ ಹಿಟ್ಟು ಏನೂ ಇಲ್ಲ. ಅರ್ತ್ ಪಟ್ಟಿ ಕಣ್ಣಿಗೆ ಚೆನ್ನಾಗೇ ಕಾಣುತ್ತದೆ.

ಇನ್ನೊಂದು ಸಂಗತಿ ಈಗ ನೆನಪಾಗುತ್ತಿದೆ. ಮೂರು ತಿಂಗಳಿಂದ ಕೆಲವೊಮ್ಮೆ ಸ್ಟಾರ್ಟ್ ಆಗುವ ಮುಂಚೆ ಒಂದು ಕ್ಷಣ ತಡವರಿಸುತ್ತಿತ್ತು. ಎರಡನೇ ಸಲ ತಿರುಗಿಸಿದರೆ ಆಗುತ್ತಿತ್ತು. ನಾನು ಗಮನ ಕೊಡಲಿಲ್ಲ.

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ಆ ಮೂರು ತಿಂಗಳೇ ಮುಖ್ಯ. ಸೆಲ್ಫ್ ಒಂದೇ ದಿನಕ್ಕೆ ಸಾಯುವುದು ಅಪರೂಪ. ಮೊದಲು ಹತ್ತಕ್ಕೆ ಒಂದು ಸಲ ತಪ್ಪುತ್ತದೆ, ಆಮೇಲೆ ಐದಕ್ಕೆ ಒಂದು. ಜನ ಎರಡನೇ ಸಲ ಆಯಿತಲ್ಲ ಅಂತ ಸುಮ್ನಾಗುತ್ತಾರೆ.

ಬಿಸಿಯಲ್ಲಿ ಯಾಕೆ ಅಂತ ಕೇಳಬಹುದು. ತಾಮ್ರ ಬಿಸಿಯಾದಷ್ಟೂ ಕರೆಂಟಿಗೆ ಅಡ್ಡಿ ಜಾಸ್ತಿ. ಪ್ರತಿ 10 ಡಿಗ್ರಿಗೆ ಸುಮಾರು 4%. ತಣ್ಣಗಿದ್ದಾಗ 30 ಡಿಗ್ರಿ, ಘಾಟಿ ಹತ್ತಿ ನಿಲ್ಲಿಸಿದಾಗ 100 ಡಿಗ್ರಿ ಅಂತಿಟ್ಟುಕೊಳ್ಳಿ. ಕಾಯಿಲಿನ ಅಡ್ಡಿ ಕಾಲು ಭಾಗಕ್ಕಿಂತ ಜಾಸ್ತಿ ಏರಿರುತ್ತದೆ. ಗಾಡಿ ಓಡುವಾಗ ಗಾಳಿ ಬರುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿ ಇಲ್ಲ, ನೀರು ಸುತ್ತುವುದಿಲ್ಲ, ಸೈಲೆನ್ಸರ್ ಮ್ಯಾನಿಫೋಲ್ಡಿನ ಬಿಸಿ ಎಲ್ಲ ಪಕ್ಕದ ಸಾಮಾನಿಗೆ ಇಳಿಯುತ್ತದೆ. ಮೊದಲ 10–20 ನಿಮಿಷ ಸೆಲ್ಫ್ ಇನ್ನೂ ಬಿಸಿಯಾಗುತ್ತಲೇ ಹೋಗುತ್ತದೆ. ಗಟ್ಟಿಮುಟ್ಟಾದ ಸೆಲ್ಫ್ ಇದನ್ನು ತಡೆದುಕೊಳ್ಳುತ್ತದೆ. ಬ್ರಷ್ ಸವೆದದ್ದು ತಡೆದುಕೊಳ್ಳುವುದಿಲ್ಲ. ನಿಮ್ಮ ಟೀ ಹೊತ್ತಿಗೆ ಸರಿಯಾಗಿ ಕೈ ಕೊಟ್ಟದ್ದು ಅದಕ್ಕೇ.

ನಂದಿ ಬೆಟ್ಟ ರೈಡರ್ (ಚಿಕ್ಕಬಳ್ಳಾಪುರ)

ಸ್ಕ್ರೂಡ್ರೈವರ್ ತೆಗೆದುಕೊಂಡು ಸೆಲ್ಫ್ ಮೇಲಿನ ದಪ್ಪ ಬೋಲ್ಟಿಗೂ ತೆಳು ವೈರ್ ಪಿನ್ನಿಗೂ ಶಾರ್ಟ್ ಮಾಡಿ. ಇಂಜಿನ್ ತಿರುಗಿದರೆ ಸೆಲ್ಫ್ ಸರಿ. ನಮ್ಮೂರಲ್ಲಿ ಎಲ್ಲರೂ ಹೀಗೇ ನೋಡುವುದು.

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ದಯವಿಟ್ಟು ಯಾರೂ ಇದನ್ನು ಮನೆಯಲ್ಲಿ ಮಾಡಬೇಡಿ. ಆ ದಪ್ಪ ಬೋಲ್ಟಿಗೆ ಬ್ಯಾಟರಿಯಿಂದ ನೇರ ಕೇಬಲ್ ಬಂದಿರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ನಡುವೆ ಫ್ಯೂಸ್ ಇರುವುದಿಲ್ಲ. ಕೀ ಆಫ್ ಇದ್ದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸ್ಕ್ರೂಡ್ರೈವರ್ ಜಾರಿ ಇಂಜಿನ್ ಬ್ಲಾಕಿಗೆ ತಾಗಿದರೆ ಕಬ್ಬಿಣ ಕರಗಿ ಕಿಡಿ ಹಾರುತ್ತದೆ. ಕೈಯಲ್ಲಿ ಉಂಗುರ ಇದ್ದರೆ ಬೆರಳೇ ಸುಡುತ್ತದೆ. ಗಾಡಿ ಗೇರಿನಲ್ಲಿದ್ದರೆ ಎದುರಿಗೆ ನಿಂತವರ ಮೇಲೇ ಹಾರುತ್ತದೆ. ನನ್ನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗನ ಕಾಲು ಹೀಗೇ ಬಂಪರಿಗೂ ಗೋಡೆಗೂ ನಡುವೆ ಸಿಕ್ಕಿತ್ತು. ಅವತ್ತಿನಿಂದ ಅಂಗಡಿಯಲ್ಲಿ ಈ ಪರೀಕ್ಷೆ ನಿಲ್ಲಿಸಿದ್ದೇನೆ. ಸೆಲ್ಫ್ ಹತ್ತಿರ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿಡಿ.

ನಂದಿ ಬೆಟ್ಟ ರೈಡರ್ (ಚಿಕ್ಕಬಳ್ಳಾಪುರ)

ಗೊತ್ತಿರಲಿಲ್ಲ ಅಣ್ಣ. ಇನ್ನು ಮಾಡುವುದಿಲ್ಲ, ಬೇರೆಯವರಿಗೂ ಹೇಳುತ್ತೇನೆ.

ಹಳೇ ಸ್ಟೇರಿಂಗ್ (ಹಾಸನ)

ನಾನು ಟ್ಯಾಕ್ಸಿ ಓಡಿಸಿ ನಿವೃತ್ತಿ ಆದವನು. ಅಂಬಾಸಿಡರ್ ಕಾಲದಲ್ಲಿ ನಮಗೆ ಸೆಲ್ಫ್ ಕೈ ಕೊಟ್ಟರೆ ಅಷ್ಟು ಗಾಬರಿ ಇರಲಿಲ್ಲ. ಡಿಕ್ಕಿಯಲ್ಲಿ ಕಬ್ಬಿಣದ ಹ್ಯಾಂಡಲ್ ಇರುತ್ತಿತ್ತು. ಮುಂದಿನಿಂದ ತೂರಿಸಿ ಒಂದು ಸಲ ಎಳೆದರೆ ಇಂಜಿನ್ ಹಿಡಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಿಡಿಯಬಾರದು, ಬೇರೆ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು ಅಂತ ನನ್ನ ಗುರುಗಳು ಮೊದಲ ದಿನವೇ ಹೇಳಿಕೊಟ್ಟಿದ್ದರು. ಇಂಜಿನ್ ಹಿಮ್ಮುಖ ಒದ್ದರೆ ಹೆಬ್ಬೆರಳು ಮುರಿಯುತ್ತದೆ, ಕೆಲವರಿಗೆ ಮಣಿಕಟ್ಟೇ ಮುರಿದಿದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಲೆಕ್ಟ್ರಿಕ್ ಸೆಲ್ಫ್ ಮಾಡಿದ್ದು ಈ ಹ್ಯಾಂಡಲ್ ಕಾಟ ತಪ್ಪಿಸಲಿಕ್ಕೇ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಕೈಯಿಂದ ತಿರುಗಿಸುವುದು ಬಿಟ್ಟು ಗಾಡಿ ತಾನೇ ಸ್ಟಾರ್ಟ್ ಆಗುವುದರಿಂದ ‘ಸೆಲ್ಫ್ ಸ್ಟಾರ್ಟರ್’ ಅಂದರು. ನಮ್ಮ ಬಾಯಲ್ಲಿ ಅದು ಬರೀ ಸೆಲ್ಫ್ ಆಗಿ ಉಳಿಯಿತು.

ಈಗಿನ ಕಾರಿಗೆ ಹ್ಯಾಂಡಲ್ ಹಾಕುವ ಜಾಗವೇ ಇಲ್ಲ. ಆದರೆ ತುಂಗಾತೀರ ಅವರೇ, ನಿಮ್ಮದು ಮ್ಯಾನುವಲ್ ಗೇರ್. ರಿಪೇರಿ ಆಗುವವರೆಗೆ ಇಳಿಜಾರು ನೋಡಿ ನಿಲ್ಲಿಸಿ. ಕೀ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರ್ ಹಾಕಿ, ಗಾಡಿ ನಡಿಗೆಗಿಂತ ಸ್ವಲ್ಪ ಜೋರಾಗಿ ಉರುಳಲಿ. ಆಮೇಲೆ ಕ್ಲಚ್ ಒಮ್ಮೆ ಬಿಟ್ಟು, ಇಂಜಿನ್ ಹಿಡಿದ ಕೂಡಲೇ ಮತ್ತೆ ಒತ್ತಿ. ಒಂದನೇ ಗೇರಿನಲ್ಲಿ ಮಾಡಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ಇಂಜಿನ್ ಆಫ್ ಇರುವಾಗ ಬ್ರೇಕ್ ಗಟ್ಟಿ ಇರುತ್ತದೆ, ಪವರ್ ಸ್ಟೇರಿಂಗೂ ಭಾರ ಇರುತ್ತದೆ. ಅದಕ್ಕೇ ಜನ, ಗಾಡಿ ಇಲ್ಲದ ಕಡೆ ಮಾತ್ರ. ಘಾಟಿ ರಸ್ತೆಯಲ್ಲಂತೂ ಬೇಡವೇ ಬೇಡ. ಸ್ಟೇರಿಂಗ್ ಲಾಕ್ ಆಗದ ಹಾಗೆ ಕೀ ಆನ್ ಇಡುವುದನ್ನು ಮರೆಯಬೇಡಿ.

ಇನ್ನೊಂದು ಮಾತು. ತಳ್ಳಿದರೆ ಸ್ಟಾರ್ಟ್ ಆಗುತ್ತದೆ, ಕೀ ತಿರುಗಿಸಿದರೆ ಆಗುವುದಿಲ್ಲ ಅಂದರೆ ಪೆಟ್ರೋಲ್, ಪ್ಲಗ್ ಎಲ್ಲ ಸರಿ ಇದೆ ಅಂತಲೂ ಗೊತ್ತಾಯಿತು.

ಚಾಮುಂಡಿ ತಪ್ಪಲು (ಮೈಸೂರು)

ನನ್ನ ಪ್ರಶ್ನೆ ಬೇರೆ, ಇಲ್ಲೇ ಕೇಳಬಹುದಾ? ನನ್ನದು ಆಟೋಮ್ಯಾಟಿಕ್ ಕಾರು, ಬಟನ್ ಸ್ಟಾರ್ಟ್. ನಿನ್ನೆ ಆಫೀಸ್ ಪಾರ್ಕಿಂಗ್‌ನಲ್ಲಿ ಬಟನ್ ಒತ್ತಿದರೆ ಡ್ಯಾಷ್‌ಬೋರ್ಡ್ ಲೈಟ್ ಬಂತು. ಟಕ್ ಕೂಡ ಇಲ್ಲ, ಏನೂ ಸದ್ದಿಲ್ಲ. ಹಿಂದಿನ ಪೋಸ್ಟ್ ಓದಿ ಸೆಲ್ಫ್ ಹೋಯಿತಾ ಅಂತ ಭಯ ಆಗಿದೆ. ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ ಅಂತ ಸೆಕ್ಯೂರಿಟಿಯವರು ಹೇಳಿದರು.

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ಮೇಡಂ, ಅವರು ಹೇಳಿದ್ದು ಸರಿ, ಆಟೋಮ್ಯಾಟಿಕ್ ತಳ್ಳಬಾರದು. ಆದರೆ ಸದ್ದೇ ಇಲ್ಲ ಅಂದರೆ ಸೆಲ್ಫ್ ಮೇಲೆ ಅನುಮಾನ ಕೊನೆಗೆ ಪಡಿ. ಸಿಗ್ನಲ್ಲೇ ಅಲ್ಲಿಗೆ ತಲುಪಿಲ್ಲ. ನಿಮ್ಮ ಗಾಡಿಯಲ್ಲಿ ಗೇರ್ ಪಿ (ಪಾರ್ಕ್) ಅಥವಾ ಎನ್‌ನಲ್ಲಿ (ನ್ಯೂಟ್ರಲ್) ಇರಬೇಕು, ಬ್ರೇಕ್ ಒತ್ತಿರಬೇಕು, ಕೀ ಒಳಗಿರಬೇಕು. ಮೂರೂ ಗೊತ್ತಾದರೆ ಮಾತ್ರ ಸೆಲ್ಫ್‌ಗೆ ಅಪ್ಪಣೆ ಸಿಗುತ್ತದೆ. ಹಿಂದಿನ ಬ್ರೇಕ್ ಲೈಟ್ ಉರಿಯುತ್ತಾ ನೋಡಿ. ಉರಿಯದಿದ್ದರೆ ಬ್ರೇಕ್ ಪೆಡಲ್ ಸ್ವಿಚ್ ಹೋಗಿದೆ, ಚಿಕ್ಕ ಸಾಮಾನು. ಪಿ ಬದಲು ಎನ್‌ಗೆ ಹಾಕಿ ನೋಡಿ. ಕೀಯಲ್ಲಿರುವ ಗುಂಡಿ ಸೆಲ್ ಕೂಡ ಹಳೆಯದಾಗಿರಬಹುದು, ಕೀಯನ್ನೇ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ ನೋಡಿ. ಬಹಳ ಕಾರುಗಳಲ್ಲಿ ಆಗ ಗುರುತು ಹಿಡಿಯುತ್ತದೆ.

ಮ್ಯಾನುವಲ್ ಗಾಡಿಯಲ್ಲೂ ಇದೇ. ಈಚಿನ ಹೆಚ್ಚಿನ ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದೆ ಸೆಲ್ಫ್ ಹೊಡೆಯುವುದಿಲ್ಲ. ಕಾಲಡಿ ಮ್ಯಾಟ್ ಮಡಚಿಕೊಂಡು ಕ್ಲಚ್ ಪೂರ್ತಿ ಹೋಗದೆ, ಸೆಲ್ಫ್ ಹೋಯಿತು ಅಂತ ಟೋ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಚಾಮುಂಡಿ ತಪ್ಪಲು (ಮೈಸೂರು)

ಬ್ರೇಕ್ ಲೈಟ್ ಉರಿಯುತ್ತಿರಲಿಲ್ಲ! ಸ್ವಿಚ್ ಬದಲಾಯಿಸಿದರು, ಸರಿಯಾಯಿತು. ಬ್ರೇಕ್ ಲೈಟ್ ಇಲ್ಲದೆ ಎಷ್ಟು ದಿನ ರಿಂಗ್ ರೋಡಲ್ಲಿ ಓಡಾಡಿದ್ದೆನೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ತುಂಬಾ ಉಪಕಾರ ಆಯಿತು ಸರ್.

ಗಣಿ ಧೂಳು (ಸಂಡೂರು)

ನನ್ನ ಡೀಸೆಲ್ ಗಾಡಿಯಲ್ಲಿ ಸೆಲ್ಫ್ ಹೊಡೆದಾಗ ‘ಕರ್ರ್’ ಅಂತ ಕಬ್ಬಿಣ ಉಜ್ಜಿದ ಸದ್ದು. ಎರಡು ಮೂರು ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇನ್ನು ಕೆಲವೊಮ್ಮೆ ‘ಝುಯ್’ ಅಂತ ಮೋಟಾರ್ ಸುಮ್ನೆ ಸುತ್ತುತ್ತದೆ, ಇಂಜಿನ್ ತಿರುಗುವುದಿಲ್ಲ. ಎರಡೂ ಒಂದೇ ಕಾಯಿಲೆಯಾ?

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ಅಕ್ಕಪಕ್ಕದ ಕಾಯಿಲೆ. ‘ಝುಯ್’ ಅಂದರೆ ಮೋಟಾರ್ ತಿರುಗುತ್ತಿದೆ, ಬೆಂಡಿಕ್ಸ್ ಒಳಗಿನ ಒನ್‌ವೇ ಕ್ಲಚ್ ಜಾರುತ್ತಿದೆ, ಇಲ್ಲವೇ ಹಲ್ಲು ಮುಂದಕ್ಕೆ ಹೋಗಿ ಕೂಡುತ್ತಲೇ ಇಲ್ಲ. ಆ ಒನ್‌ವೇ ಕ್ಲಚ್ ಇರುವುದಕ್ಕೆ ಕಾರಣ ಇದೆ. ಚಿಕ್ಕ ಚಕ್ರಕ್ಕೆ ಹತ್ತು ಹಲ್ಲು, ರಿಂಗ್ ಗೇರಿಗೆ ನೂರಕ್ಕೂ ಮೇಲೆ. ಇಂಜಿನ್ ಹಿಡಿದು 1,000 ಸುತ್ತಿಗೆ ಏರಿದರೆ, ಕೂಡಿಕೊಂಡೇ ಇರುವ ಸೆಲ್ಫ್ 10,000ಕ್ಕೂ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಆರ್ಮೇಚರ್ ಸಿಡಿದು ಹೋಗುತ್ತದೆ. ಹಾಗಾಗದಂತೆ ಆ ಕ್ಲಚ್ ಬಿಟ್ಟುಕೊಡುತ್ತದೆ. ಧೂಳು, ಗಟ್ಟಿಯಾದ ಗ್ರೀಸ್ ಸೇರಿ ಅದು ಸವೆಯುತ್ತದೆ. ನಿಮ್ಮ ಕಡೆ ಕೆಂಪು ಅದಿರಿನ ಧೂಳು ಬೇರೆ.

‘ಕರ್ರ್’ ಅಂದರೆ ಹಲ್ಲಿಗೆ ಹಲ್ಲು ಉಜ್ಜುತ್ತಿದೆ. ಇದನ್ನು ಮುಂದೂಡಬೇಡಿ. ಬೆಂಡಿಕ್ಸ್ ಬದಲಾಯಿಸುವುದು ಅಗ್ಗ. ಅದನ್ನು ಬಿಟ್ಟರೆ ಸವೆದ ಹಲ್ಲು ಹೋಗಿ ರಿಂಗ್ ಗೇರನ್ನು ತಿನ್ನುತ್ತದೆ, ರಿಂಗ್ ಗೇರ್ ಹಾಕಲು ಗೇರ್‌ಬಾಕ್ಸೇ ಇಳಿಸಬೇಕು. ಖರ್ಚು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಬಿಚ್ಚಿಸಿದಾಗ ಟಾರ್ಚ್ ಹಾಕಿ ರಿಂಗ್ ಗೇರಿನ ಹಲ್ಲನ್ನು ಒಂದು ಸುತ್ತು ನೋಡಲು ಹೇಳಿ. ಸೆಲ್ಫ್ ಬೋಲ್ಟ್ ಸಡಿಲ ಆಗಿದ್ದರೂ ಇದೇ ಸದ್ದು ಬರುತ್ತದೆ, ಅದನ್ನು ಮೊದಲು ನೋಡಿ.

ಬೆಣ್ಣೆ ಊರು (ದಾವಣಗೆರೆ)

ಯಾರೂ ಹೇಳದ ಒಂದು ಲಕ್ಷಣ ನಾನು ಸೇರಿಸುತ್ತೇನೆ, ಇದು ಅಪಾಯದ್ದು. ನನ್ನ ಹಳೆ ಗಾಡಿಯಲ್ಲಿ ಒಂದು ದಿನ ಇಂಜಿನ್ ಸ್ಟಾರ್ಟ್ ಆಗಿ ಕೀ ಬಿಟ್ಟರೂ ಸೆಲ್ಫ್ ನಿಲ್ಲಲಿಲ್ಲ. ‘ಕೀಂಯ್’ ಅಂತ ಕೂಗುತ್ತಲೇ ಇತ್ತು. ಕೀ ಪೂರ್ತಿ ತೆಗೆದರೂ ನಿಲ್ಲಲಿಲ್ಲ. ಬಾನೆಟ್ ಸಂದಿಯಿಂದ ಹೊಗೆ ಬಂತು. ಪಕ್ಕದ ಪಂಕ್ಚರ್ ಅಂಗಡಿಯವರು ಓಡಿ ಬಂದು ಬ್ಯಾಟರಿ ಮೈನಸ್ ಕಿತ್ತರು. ಅವರು ಇರದಿದ್ದರೆ ಗಾಡಿ ಸುಟ್ಟು ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಸೊಲೆನಾಯ್ಡಿನ ತಾಮ್ರದ ಬಿಲ್ಲೆ ಬೋಲ್ಟಿಗೆ ವೆಲ್ಡ್ ಆಗಿ ಅಂಟಿಕೊಂಡಿತ್ತು. ಅದಕ್ಕೆ ಮುಂಚೆ ಎರಡು ಮೂರು ಸಲ ಕೀ ಬಿಟ್ಟ ಮೇಲೂ ಅರ್ಧ ಸೆಕೆಂಡ್ ಸೆಲ್ಫ್ ಸದ್ದು ಬಂದಿತ್ತು. ಅದೇ ಎಚ್ಚರಿಕೆ ಅಂತ ನನಗೆ ಆಗ ತಿಳಿದಿರಲಿಲ್ಲ. ಈಗ ಯಾವ ಗಾಡಿ ಇದ್ದರೂ 10 ನಂಬರ್ ಸ್ಪ್ಯಾನರ್ ಒಂದನ್ನು ಕೈಗೆ ಸಿಗುವ ಜಾಗದಲ್ಲಿ ಇಟ್ಟಿರುತ್ತೇನೆ.

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಹೀಗೆ ವೆಲ್ಡ್ ಆಗುವುದು ಹೆಚ್ಚಾಗಿ ದುರ್ಬಲ ಬ್ಯಾಟರಿಯಲ್ಲಿ ಟಕಟಕ ಅಂತ ಹೊಡೆಸುತ್ತಲೇ ಇದ್ದಾಗ. ಪ್ರತಿ ಟಕ್‌ಗೂ ಬಿಲ್ಲೆಯಲ್ಲಿ ಕಿಡಿ ಹಾರುತ್ತದೆ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಚಿಕ್ಕ ಪೆಟ್ರೋಲ್ ಕಾರಿನ ಸೆಲ್ಫ್ ಕೂಡ 100–200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಇನ್ನೂ ಜಾಸ್ತಿ. ಮನೆಯ ಗೀಸರ್ ಹತ್ತರ ಆಸುಪಾಸು ಆಂಪಿಯರ್ ಎಳೆಯುತ್ತದೆ, ಹೋಲಿಸಿ ನೋಡಿ. ಅಷ್ಟು ಕರೆಂಟನ್ನು ತುಂಬಾ ಹೊತ್ತು ತಡೆಯುವ ಹಾಗೆ ಸೆಲ್ಫ್ ಮಾಡಿರುವುದಿಲ್ಲ.

ಹಿಮದೂರು (ಕ್ಯಾಲ್ಗರಿ, ಕೆನಡಾ)

ಆಗುಂಬೆ ಹೆಸರು ನೋಡಿ ಓದುತ್ತಾ ಕೂತೆ, ನನ್ನ ಅಜ್ಜಿ ಮನೆ ಕೊಪ್ಪದ ಹತ್ತಿರ. ಇಲ್ಲಿ ನಮಗೆ ಉಲ್ಟಾ ಸಮಸ್ಯೆ. ಮೈನಸ್ 25 ಡಿಗ್ರಿಯಲ್ಲಿ ಇಂಜಿನ್ ಆಯಿಲ್ ಜೇನುತುಪ್ಪದಷ್ಟು ಗಟ್ಟಿ ಆಗಿರುತ್ತದೆ, ಬ್ಯಾಟರಿಯ ಶಕ್ತಿ ಅರ್ಧಕ್ಕೂ ಇಳಿದಿರುತ್ತದೆ. ಸೆಲ್ಫ್ ‘ಉಂ... ಉಂ... ಉಂ’ ಅಂತ ನಿಧಾನ ತಿರುಗುತ್ತದೆ. ಇಲ್ಲಿ ಬ್ಯಾಟರಿ ಮೇಲೆ ಬರೆದಿರುವ ಕೋಲ್ಡ್ ಕ್ರ್ಯಾಂಕಿಂಗ್ ಅಂಕೆ (ಚಳಿಯಲ್ಲಿ ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವುದು) ನೋಡಿಯೇ ಕೊಳ್ಳುತ್ತೇವೆ. ಅದನ್ನು ಮೈನಸ್ 18 ಡಿಗ್ರಿಯಲ್ಲಿ ಅಳೆದಿರುತ್ತಾರೆ. ರಾತ್ರಿ ಇಂಜಿನ್ ಬ್ಲಾಕ್ ಹೀಟರನ್ನು ಮನೆಯ ಪ್ಲಗ್ಗಿಗೆ ಹಾಕಿಟ್ಟು ಮಲಗುತ್ತೇವೆ. ಹಾಗಾಗಿ ಇಲ್ಲಿ ಚಳಿಯಲ್ಲಿ ನಿಧಾನ ತಿರುಗಿದರೆ ಯಾರೂ ಸೆಲ್ಫ್ ಮೇಲೆ ಅನುಮಾನ ಪಡುವುದಿಲ್ಲ. ಬೇಸಿಗೆಯಲ್ಲೂ ನಿಧಾನ ತಿರುಗಿದರೆ ಮಾತ್ರ ಸೆಲ್ಫ್ ಬಿಚ್ಚಿಸುತ್ತೇವೆ.

ತುಂಗಾತೀರ (ತೀರ್ಥಹಳ್ಳಿ)

ಹಿಮದೂರು ಅವರೇ, ಊರಿನ ಕಡೆ ಬಂದಾಗ ಖಂಡಿತ ಮನೆಗೆ ಬನ್ನಿ.

ಹುಬ್ಬಳ್ಳಿ ಅಣ್ಣ, ಇಲ್ಲೊಬ್ಬ ಆಟೋ ಎಲೆಕ್ಟ್ರಿಷಿಯನ್ ಸಿಕ್ಕಿದ್ದಾರೆ. ವಯಸ್ಸಾದವರು, ನಿಧಾನವಾಗಿ ಕೆಲಸ ಮಾಡುತ್ತಾರೆ. ಮಲ್ಟಿಮೀಟರ್ ಇದೆ. ಗಾಡಿ ಬಿಸಿ ಮಾಡಿಕೊಂಡು ನಾಳೆ ಬಾ ಅಂದಿದ್ದಾರೆ. ಏನೇನು ಅಳೆಯಬೇಕು ಅಂತ ನಾನೂ ತಿಳಿದುಕೊಂಡು ಹೋಗಬೇಕು. ಸೆಲ್ಫ್ ಮೇಲೆ ಸುತ್ತಿಗೆಯಿಂದ ಬಡಿದರೆ ಸ್ಟಾರ್ಟ್ ಆಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ, ಅದು ನಿಜವಾ?

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ಬಡಿಯುವುದು ನಿಜ, ಆದರೆ ಸುತ್ತಿಗೆ ಬೇಡ. ಬ್ರಷ್ ಸವೆದು ತನ್ನ ಗೂಡಿನಲ್ಲಿ ಸಿಕ್ಕಿಕೊಂಡಿದ್ದರೆ ಸಣ್ಣ ಅದುರಿಗೆ ಸರಿದು ಆರ್ಮೇಚರಿಗೆ ತಾಗುತ್ತದೆ. ಒಬ್ಬರು ಕೀ ಹಿಡಿದಿರಬೇಕು, ಇನ್ನೊಬ್ಬರು ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಗಟ್ಟಿ. ಈಗಿನ ಬಹಳಷ್ಟು ಸೆಲ್ಫ್‌ಗಳಲ್ಲಿ ಫೀಲ್ಡ್ ಕಾಯಿಲ್ ಬದಲು ಕಾಯಂ ಮ್ಯಾಗ್ನೆಟ್ ಅಂಟಿಸಿರುತ್ತಾರೆ. ಅದು ಪಿಂಗಾಣಿ ಥರ. ಜೋರಾಗಿ ಬಡಿದರೆ ಒಡೆದು ಚೂರು ಆರ್ಮೇಚರಿಗೆ ಸಿಕ್ಕಿ, ಉಳಿಯಬಹುದಾಗಿದ್ದ ಸೆಲ್ಫ್ ಗುಜರಿಗೆ ಹೋಗುತ್ತದೆ. ತಟ್ಟಿದಾಗ ಸ್ಟಾರ್ಟ್ ಆದರೆ ಬ್ರಷ್ ಅಂತ ಹೆಚ್ಚುಕಡಿಮೆ ಖಾತ್ರಿ. ಆದರೆ ಅದು ಮನೆ ಸೇರುವವರೆಗಿನ ಉಪಾಯ ಅಷ್ಟೇ.

ಮೀಟರಿನಲ್ಲಿ ಹೀಗೆ ನೋಡಿ. ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಅಂದರೆ ಅರ್ಧ ಖಾಲಿ. ಇಂಜಿನ್ ತಿರುಗುತ್ತಿರುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಸ್ಟಾರ್ಟ್ ಆದ ಮೇಲೆ 13.8ರಿಂದ 14.4ರವರೆಗೆ ಇದ್ದರೆ ಡೈನಮೋ ಚಾರ್ಜ್ ಕೊಡುತ್ತಿದೆ.

ಆಮೇಲೆ ಅಸಲಿ ಪರೀಕ್ಷೆ. ಬರೀ ಟಕ್ ಬರುವ ಹೊತ್ತಿನಲ್ಲಿ ಒಬ್ಬರು ಕೀ ತಿರುಗಿಸಿ ಹಿಡಿಯಲಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಸೊಲೆನಾಯ್ಡಿನ ದಪ್ಪ ಕೇಬಲ್ ಬೋಲ್ಟಿಗೆ. ಅಲ್ಲಿ 12 ಮೇಲಿದ್ದರೆ ಕೇಬಲ್ ಸರಿ. ಈಗ ಕೆಂಪು ಕಡ್ಡಿಯನ್ನು ಸೊಲೆನಾಯ್ಡಿನಿಂದ ಮೋಟಾರಿಗೆ ಹೋಗುವ ಇನ್ನೊಂದು ಬೋಲ್ಟಿಗೆ ಹಿಡಿಯಿರಿ. ಅಲ್ಲಿ ಏನೂ ಬರದಿದ್ದರೆ ತಾಮ್ರದ ಬಿಲ್ಲೆ ಕೆಟ್ಟಿದೆ. ಅಲ್ಲೂ 12 ಬಂದು ಮೋಟಾರ್ ತಿರುಗದಿದ್ದರೆ ಬಿಲ್ಲೆ ಸರಿ, ಬ್ರಷ್ ಅಥವಾ ಆರ್ಮೇಚರ್ ಕೆಟ್ಟಿದೆ.

ಅರ್ತ್ ನೋಡಲು ಬ್ಯಾಟರಿ ಮೈನಸ್‌ಗೂ ಸೆಲ್ಫ್ ಮೈಗೂ ಕಡ್ಡಿ ಹಿಡಿದು ಇಂಜಿನ್ ತಿರುಗಿಸಿ. 0.3 ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ಕಣ್ಣಿಗೆ ಚೆನ್ನಾಗಿ ಕಾಣುವ ಪಟ್ಟಿ ಕೂಡ ಮೋಸ ಮಾಡುತ್ತದೆ. 150 ಆಂಪಿಯರ್ ಹರಿಯುವಾಗ ಒಂದು ಓಮ್‌ನ ನೂರನೇ ಒಂದು ಭಾಗ ಅಡ್ಡಿ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಲೈಟಿಗೆ ಐದಾರು ಆಂಪಿಯರ್ ಸಾಕು, ಅದಕ್ಕೇ ಲೈಟಿನಲ್ಲಿ ಇದು ಕಾಣುವುದೇ ಇಲ್ಲ.

ಹಳೇ ಸ್ಟೇರಿಂಗ್ (ಹಾಸನ)

22 ವರ್ಷದ ಅನುಭವವನ್ನು ಹೀಗೆ ಬಿಚ್ಚಿ ಇಡುತ್ತಿದ್ದೀರಿ, ದೇವರು ಒಳ್ಳೆಯದು ಮಾಡಲಿ.

ಜಯನಗರ ನಾಲ್ಕನೇ ಬ್ಲಾಕ್ (ಬೆಂಗಳೂರು)

ಬಿಚ್ಚಿ ರಿಪೇರಿ ಮಾಡಿಸುವುದಕ್ಕಿಂತ ಹೊಸದೇ ಹಾಕಿಸುವುದು ಒಳ್ಳೆಯದಲ್ವಾ? ಜೆ.ಸಿ. ರಸ್ತೆಯಲ್ಲಿ ಎಲ್ಲ ಕಂಪನಿಯದೂ ಸಿಗುತ್ತದೆ. ಸಮಯ ಉಳಿಯುತ್ತದೆ.

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ಆರ್ಮೇಚರ್ ಸುಟ್ಟಿದ್ದರೆ, ಮ್ಯಾಗ್ನೆಟ್ ಒಡೆದಿದ್ದರೆ ನಾನೂ ಹೊಸದೇ ಹೇಳುತ್ತೇನೆ. ಬರೀ ಬ್ರಷ್, ಬುಷ್ (ಆರ್ಮೇಚರಿನ ತುದಿ ಕೂರುವ ಬಳೆ), ಬಿಲ್ಲೆ ಆಗಿದ್ದರೆ ಹೊಸದು ಯಾಕೆ? ಅವು ಸವೆಯಲಿಕ್ಕೆಂದೇ ಇರುವ ಸಾಮಾನು. ಒಳ್ಳೆಯ ಕೈಯಲ್ಲಿ ಅರ್ಧ ದಿನದ ಕೆಲಸ. ಹೆಸರಿಲ್ಲದ ಅಗ್ಗದ ಹೊಸ ಸೆಲ್ಫ್‌ಗಿಂತ ಬ್ರಷ್ ಬದಲಾಯಿಸಿದ ಮೂಲ ಸೆಲ್ಫ್ ಮೇಲೆ ನನಗೆ ನಂಬಿಕೆ ಜಾಸ್ತಿ. ರಿಪೇರಿ ಮಾಡಿಸುವವರು ಹಳೇ ಸಾಮಾನನ್ನು ಕೇಳಿ ತೆಗೆದುಕೊಳ್ಳಿ. ಕಾಮ್ಯುಟೇಟರ್ (ಆರ್ಮೇಚರಿನಲ್ಲಿ ಬ್ರಷ್ ತಾಗುವ ತಾಮ್ರದ ಪಟ್ಟಿಗಳು) ಉಜ್ಜಲು ಎಮರಿ ಬೇಡ, ನಯವಾದ ಉಪ್ಪು ಕಾಗದ ಬಳಸಲು ಹೇಳಿ. ಎಮರಿಯ ಪುಡಿ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತರೆ ಶಾರ್ಟ್ ಆಗುತ್ತದೆ.

ತುಂಗಾತೀರ (ತೀರ್ಥಹಳ್ಳಿ)

ಕೆಲಸ ಮುಗಿಯಿತು, ವಿವರ ಹೇಳುತ್ತೇನೆ.

ಬೆಳಿಗ್ಗೆ ಬ್ಯಾಟರಿ 12.6. ಮಂಡಗದ್ದೆವರೆಗೆ ಓಡಿಸಿಕೊಂಡು ಬಂದು ಅವರ ಅಂಗಡಿ ಮುಂದೆ ನಿಲ್ಲಿಸಿದೆ. ಮೂರನೇ ಸಲಕ್ಕೆ ಟಕ್ ಬಂತು. ದಪ್ಪ ಕೇಬಲಿನಲ್ಲಿ 12.4. ಮೋಟಾರ್ ಕಡೆಯ ಬೋಲ್ಟಿನಲ್ಲಿ 12.1. ಮೋಟಾರ್ ಮಾತ್ರ ಅಲುಗಲಿಲ್ಲ. ಅವರು ಸ್ಪ್ಯಾನರಿನ ಹಿಡಿಯಿಂದ ಎರಡು ಸಲ ಮೆಲ್ಲಗೆ ತಟ್ಟಿದರು, ತಕ್ಷಣ ಸ್ಟಾರ್ಟ್ ಆಯಿತು. ಸ್ಟಾರ್ಟ್ ಆಗುವಾಗ ಅರ್ತ್ ಕಡೆ 0.1 ಮಾತ್ರ.

ಇಳಿಸಿ ಬಿಚ್ಚಿದೆವು. ನಾಲ್ಕು ಬ್ರಷ್‌ನಲ್ಲಿ ಎರಡು ಕಿರುಬೆರಳ ಉಗುರಿನಷ್ಟೇ ಉಳಿದಿದ್ದವು. ಸ್ಪ್ರಿಂಗ್ ಒತ್ತಲು ಜಾಗವೇ ಇರಲಿಲ್ಲ. ಗೂಡಿನ ಒಳಗೆಲ್ಲ ಕರಿ ಹಿಟ್ಟು, ಜಿಡ್ಡಿನ ಹಾಗೆ ಅಂಟಿತ್ತು. ಬಿಲ್ಲೆ ಒಂದು ಬದಿ ಸ್ವಲ್ಪ ಸುಟ್ಟಿತ್ತು, ಅದನ್ನು ಮಗುಚಿ ಹಾಕಿದರು. ಬ್ರಷ್, ಸ್ಪ್ರಿಂಗ್, ಬುಷ್ ಹೊಸದು. ಕೂಲಿ ಸೇರಿ 1,650 ರೂಪಾಯಿ. ಹಳೇ ಬ್ರಷ್ ಒಂದನ್ನು ಡ್ಯಾಷ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ನಿನ್ನೆ ಅಮ್ಮನ ಚೆಕಪ್ ಇತ್ತು. ವಾಪಸ್ ಬರುವಾಗ ಆಗುಂಬೆಯಲ್ಲಿ ಅದೇ ಅಂಗಡಿಯಲ್ಲಿ ಟೀ ಕುಡಿದೆವು. ಬೇಕಂತಲೇ 15 ನಿಮಿಷ ನಿಲ್ಲಿಸಿ, ನಾಲ್ಕು ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿದೆ. ನಾಲ್ಕು ಸಲವೂ ಅರ್ಧ ಸೆಕೆಂಡಿನಲ್ಲಿ ಹಿಡಿಯಿತು. ಅಮ್ಮ ‘ಸಾಕು ಬಿಡೋ, ನಡಿ’ ಅಂದರು.

ಸಹಾಯ ಮಾಡಿದ ಎಲ್ಲರಿಗೂ ಕೈ ಮುಗಿಯುತ್ತೇನೆ.

ವೈರಿಂಗ್ ಅಂಗಡಿ (ಹುಬ್ಬಳ್ಳಿ)

ಓದಿ ಮನಸ್ಸು ತುಂಬಿ ಬಂತು. ಆದರೆ ಒಂದು ಮಾತು ಕೇಳಬೇಕು. ಬ್ರಷ್ ಗೂಡಿನಲ್ಲಿ ಜಿಡ್ಡು ಅಂತ ಬರೆದಿದ್ದೀರಿ. ಒಣ ಕಾರ್ಬನ್ ಹಿಟ್ಟು ಅಂಟುವುದಿಲ್ಲ, ಅಲ್ಲಿಗೆ ಎಣ್ಣೆ ಬಂದಿದೆ. ನಿಮ್ಮ ಇಂಜಿನ್ನಿನಲ್ಲಿ ಸೆಲ್ಫ್ ಮೇಲ್ಗಡೆ ಎಲ್ಲಾದರೂ ಆಯಿಲ್ ಸೋರುತ್ತಿದೆಯಾ? ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್ ಮೇಲೆ ಬೆರಳು ಆಡಿಸಿ ನೋಡಿ.

ತುಂಗಾತೀರ (ತೀರ್ಥಹಳ್ಳಿ)

ಈಗಷ್ಟೇ ನೋಡಿ ಬಂದೆ ಅಣ್ಣ. ಹಿಂಬದಿ ಮೂಲೆಯಲ್ಲಿ ಒದ್ದೆ ಇದೆ, ಬೆರಳು ಕಪ್ಪಾಯಿತು. ಸೋಮವಾರ ಪ್ಯಾಕಿಂಗ್ ಹಾಕಿಸುತ್ತೇನೆ.